ಖಾಲಿ ಕೈಯ ಮಾಸ್ಟರ್

ಸುರುವಿಗೆ ಅವ ದೀಪ ಹೊರತಿದ್ದ.
ತಲಿ ಮ್ಯಾಗ ಟ್ಯೂಬ್‌ಲೈಟಿನ ಚೌಕಟ್ಟು, ಹಿಂದ ಜನರೇಟರಿನ ವಾಯರು,
ಒಂದು ವರಾತಿಗೆ ನೂರಾ ಎಂಬತ್ತು ರೂಪಾಯಿ, ಮ್ಯಾಲೊಂದು ತಟ್ಟಿ ತಹರಿ.
ಹೆಸರು ಅಂಬರಾಯ. ಮಾತು ಕಮ್ಮಿ.
ನಾನು ಕ್ಲಾರ್ನೆಟ್ಟು, ಮೂವತ್ತೊಂದು ವರ್ಷದಿಂದ.
ಬಾಜೂಕ ನಡಿಯೋ ಪೋರ ನನ್ನ ಬೆರಳು ನೋಡ್ತಾನಂತ ಗೊತ್ತಾಗಿದ್ದು
ಕಿರಾಣಾ ಬಜಾರದ ತಿರುವಿನ್ಯಾಗ
ನಾ ಒಂದು ಸ್ವರ ತಪ್ಪಿದಾಗ.
ದೀಪ ಅಲುಗಾಡ್ತು.
ಅಷ್ಟ.

ದಸ್ತಗೀರ್ ಮಾಸ್ಟರ್‌ಗೆ ಜ್ವರ ಏರಿದ್ದು ಶಹಾಬಾದಿನ್ಯಾಗ.
ಖಣಿ ಗುತ್ತೇದಾರನ ಮನಿ ಲಗ್ನ; ಮುಂಗಡ ಖರ್ಚಾಗಿತ್ತು.
ಮಾಸ್ಟರ್ ಟೆಂಪೋದಾಗ ಮಲಗಿ ನಡುಗತಿದ್ದ,
ಹದಿನಾಲ್ಕು ಮಂದಿ ನಾವು, ಹಿತ್ತಾಳಿ ಬಗಲಾಗ ಇಟಗೊಂಡು
ಒಬ್ಬರ ಮಾರಿ ಒಬ್ಬರು ನೋಡತಿದ್ವಿ.
ಸಾಯಬಣ್ಣ ಅಂದ: ನಾ ಟ್ರಂಪೆಟ್ ಊದಲೋ, ನಿಮ್ಮನ್ನ ಕಾಯಲೋ?
ಅಂಬರಾಯ ದೀಪ ಇಳಿಸಿ ನೆಲಕ್ಕಿಟ್ಟ.
ಹತ್ತೊಂಬತ್ತರ ಪೋರ. ಮಾಸ್ಟರನ ಕೆಂಪು ಕೋಟು, ತೋಳು ಬೆರಳ ತನಕ.
ಬೆತ್ತ ಇಲ್ಲ, ಸೀಟಿ ಇಲ್ಲ,
ಖಾಲಿ ಕೈ ಎತ್ತಿದ.
ನಗು ಬಂತು ನನಗ, ಖರೇ ಹೇಳ್ತೀನಿ.
ಕೈ ಇಳೀತು.
ಹದಿನಾಲ್ಕು ಉಸಿರು ಒಮ್ಮೆಲೆ ಹೊಂಟು
ಕಾಲ ಕೆಳಗಿನ ಹಾಸುಗಲ್ಲು ಗುಂಯ್ ಅಂತು.
ನಮ್ಮ ಬ್ಯಾಂಡಿನ್ಯಾಗ ಇಷ್ಟು ಮಂದಿ ಅದಾರಂತ
ಅವತ್ತ ತಿಳೀತು ನನಗ.

ಮುಂದ ಅವನ ಹೆಸರು ಓಡ್ತು, ಹಿಂದ ನಾವು.
ವಾಡಿ, ಸೇಡಂ, ಚಿತ್ತಾಪುರ.
ಹುಮನಾಬಾದಿನವರು ಎರಡು ಪಟ್ಟು ಕೊಟ್ಟರು.
ಯಾದಗಿರಿ ಬ್ಯಾಂಡಿನವರು ಅವನೊಬ್ಬನ್ನ ಕರದ್ರು:
ನಿನ್ನ ಮಂದಿ ಬ್ಯಾಡ, ನೀ ಬಾ, ಎರಡು ದಿನ ನಮ್ಮ ಮುಂದ ನಿಂದ್ರು.
ಹೊಟ್ಟಿ ಉರೀಲಿಲ್ಲಂದ್ರ ಸುಳ್ಳಾಗ್ತದ.
ಊದೂದಿಲ್ಲ, ಬಡಿಯೂದಿಲ್ಲ, ಪಗಾರ ನೋಡು,
ಮೈಬೂಬ್ ಡೋಲಿನ ಹಗ್ಗ ಬಿಗೀತ ಅಂತಿದ್ದ.
ಅವನ ಅವ್ವ ಇವತ್ತಿಗೂ ಓಣಿ ಮಂದಿಗೆ
ಮಗ ಲೈಟಿನ ಕೆಲಸದಾಗ ಅದಾನ ಅಂತಾಳ.

ಹೋದ ಚಳಿಗಾಲಕ್ಕ ಸೂಪರ್ ಮಾರ್ಕೆಟ್ ಹಿಂದ
ನಾಟಕ ಕಂಪನಿ ತಗಡು ಹೊಡದು ಕುಂತಿತ್ತು.
ಹಾರ್ಮೋನಿಯಂನವ ಜಗಳಾಡಿ ಸೊಲ್ಲಾಪುರದ ರೈಲು ಹತ್ತಿದ.
ಅಂಬರಾಯ ಹ್ವಾದ, ರಂಗದ ಮುಂದಿನ ತೆಗ್ಗಿನ್ಯಾಗ ಇಳದು ನಿಂತ,
ಮಂದಿಗಿ ಕಂಡಿದ್ದು ಬರೇ ತಲಿ.
ರಾಜಪಾರ್ಟಿನ ಚನಮಲ್ಲಪ್ಪ
ಸಾಯೋ ದೃಶ್ಯದಾಗ ತಾನ ಎಳದು, ಎಳದು,
ಚಿಲ್ಲರೆ ಬೀಳೂ ತನಕ ಸಾಯತಿರಲಿಲ್ಲ.
ಮೂರನೇ ರಾತ್ರಿ ಕೈ ಮುಚ್ಚಿದ ಅಂಬರಾಯ.
ಎಲ್ಲಾ ನಿಂತ್ವು.
ತೆರದ ಬಾಯಿ ತೆರದಂಗ, ಆ ರಾಜ,
ಯಾರೂ ಕೆಮ್ಮದ ಆ ಸುಮ್ಮಕದಾಗ
ಖರೇನ ಸತ್ತ.
ಪರದೆ ಹಿಂದ ಕಪಾಳಕ್ಕ ಹೊಡದ ಬಿಡ್ರಿ.
ಆದ್ರ ಮರುದಿನ ಅದ ಜಾಗಾ ಬಂದಾಗ
ಕಣ್ಣು ತೆಗ್ಗಿಗೆ ಹಾಕಿ ಕಾದ.

ನನ್ನ ಮುಂದಿನ ಎರಡು ಹಲ್ಲು ಈ ಬ್ಯಾಸಿಗಿಗೆ ಬಿದ್ವು.
ಯಾರಿಗೂ ಹೇಳಿಲ್ಲ. ಮೀಸಿ ಬಿಟ್ಟೀನಿ.
ಉದ್ದನ ಸ್ವರದ ಕಡಿಗಿ ಸಂದಿಯಾಗ ಉಸಿರು ಸೋರ್ತದ.
ಮೊನ್ನಿ ರಾತ್ರಿ, ಆಳಂದ ರಸ್ತೆದ ಫಂಕ್ಷನ್ ಹಾಲಿನ ಮುಂದ,
ಸೋರೂಕಿಂತ ಒಂದೆಳಿ ಮೊದಲ
ಅವನ ಮುಷ್ಟಿ ಮುಚ್ಚಿತು.
ಎಲ್ಲಾರೂ ನಿಂತರು, ಬ್ಲೇಡಿಲೆ ಕೊಯ್ದಂಗ.
ಒಂದು ಮಾತ್ರೆ ಕಮ್ಮಿ ಆತಲ್ಲೋ ಮಾಸ್ಟರ್, ಸಾಯಬಣ್ಣ ಗೊಣಗಿದ.
ಇರ್ಲಿ ಬಿಡು, ಅಂದ.
ನನ್ನ ಕಡಿ ನೋಡಲಿಲ್ಲ.

ಈಗ ಹೈದರಾಬಾದಿನಿಂದ ಕರಿ ಬಂದದ,
ಅರವತ್ತು ಮಂದಿ ಬ್ಯಾಂಡಂತ, ಕುರ್ಚಿ ಮ್ಯಾಲೆ ಕುಂತು ಊದೂದಂತ.
ಹೋಗ್ತಾನ. ಹೋಗಲಿ.
ಬಾಜೂಕ ಹೊಸ ಪೋರ ದೀಪ ಹೊತ್ತಾನ,
ಬಾಯಾಗ ಗುಟ್ಕಾ, ಒಂದು ಕೈಯಾಗ ಫೋನು.
ನಿನ್ನಿ ನಾ ಬೇಕಂತ ಒಂದು ಸ್ವರ ತಪ್ಪಿದೆ.
ದೀಪ ಅಲುಗಲಿಲ್ಲ.
ನಾಳಿ ಇನ್ನೊಮ್ಮೆ ನೋಡ್ತೀನಿ,
ಸ್ಟೇಷನ್ ಚೌಕದಾಗ.